ಸಾವಿರದ ಒಂದು ಪೇಢೆ

ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ ಓದಿದವನಿಗೆ ಗಣಿತದಿಂದ ಅಪಾಯ ಹೆಚ್ಚು. ಏನೂ ಓದದವನು ಸುಮ್ಮನಿರುತ್ತಾನೆ, ಪೂರ್ತಿ ಓದಿದವನು ಯೋಚಿಸಿ ಬಾಯಿ ತೆರೆಯುತ್ತಾನೆ. ನನ್ನಂಥವನಿಗೆ ಎದುರಿಗೆ ನಾಲ್ಕು ಮಂದಿ ಕೂತರೆ ಸಾಕು, ಭಾಷಣ ಬರುತ್ತದೆ.

ನವನಗರದ ನಮ್ಮ ಮನೆಯಲ್ಲಿ ಮೊಮ್ಮಗಳ ನಿಶ್ಚಯ. ಗಂಡಿನ ಕಡೆಯವರಿಗೆ ಕೊಡಲು ಸಾವಿರದ ಒಂದು ಪೇಢೆ ತರಿಸಿದ್ದೆವು. ನನ್ನಾಕೆ ತಾನೇ ಎಣಿಸಿ ಬುಟ್ಟಿಗೆ ತುಂಬಿ, ಕಾಯಲು ನನ್ನನ್ನು ಕೂರಿಸಿದಳು. ಸಕ್ಕರೆ ಕಾಯಿಲೆಯವನನ್ನು ಹಾಗೆ ಕೂರಿಸಿದ್ದು ನಂಬಿಕೆಯೋ ಪರೀಕ್ಷೆಯೋ ತಿಳಿಯದು. ಅಲ್ಲೇನಾಯಿತೆಂಬುದನ್ನು ಸ್ವಲ್ಪ ಧೈರ್ಯ ಬಂದ ಮೇಲೆ ಹೇಳುತ್ತೇನೆ.

ಬುಟ್ಟಿ ಕೊಡುವಾಗ ಎದ್ದು ನಿಂತೆ. "ಸಾವಿರದ ಒಂದು ಅಂದ್ರ ಅವಿಭಾಜ್ಯ ಸಂಖ್ಯೆರಿ. ಎಷ್ಟರಿಂದ ಭಾಗಿಸಿದ್ರೂ ಒಡಿಯೂದಿಲ್ಲ. ನಮ್ಮ ಸಂಬಂಧನೂ ಹಂಗ." ಚಪ್ಪಾಳೆ ಬಿತ್ತು. ಎರಡು, ಮೂರು, ಐದರಿಂದ ಭಾಗಿಸಿ ನೋಡಿದ್ದೆ, ಅಷ್ಟು ಸಾಕೆನಿಸಿತ್ತು. ಹೆಬ್ಬಳ್ಳಿಯಿಂದ ಬಂದ ಹುಡುಗನ ಅಜ್ಜಿಗಂತೂ ಬಹಳ ಹಿಡಿಸಿತು. ಹಲ್ಲಿ ಲೊಚಗುಟ್ಟಿದರೆ ಹೊರಟ ಪ್ರಯಾಣ ನಿಲ್ಲಿಸುವ ಹಿರಿಯಳು. ಆಕೆಯ ಮಗ, ಅಂದರೆ ನಮ್ಮ ಹೊಸ ಬೀಗರು, ನಿವೃತ್ತ ಗಣಿತ ಮಾಸ್ತರರು. ಅವರು ಮಾತ್ರ ಸಣ್ಣಗೆ ನಕ್ಕರು.

ಆ ನಗೆ ಊಟದಲ್ಲಿ ನನ್ನನ್ನು ಕುಟುಕತೊಡಗಿತು. ಹೋಳಿಗೆ ಬಡಿಸದ ಎಲೆಯ ಮುಂದೆ ಬೇರೇನು ಕೆಲಸ? ಏಳರಿಂದ ಭಾಗಿಸಿದೆ. ನೂರಾ ನಲವತ್ಮೂರು ಬಂತು, ಶೇಷ ಸೊನ್ನೆ.

ಕೈ ತೊಳೆಯುವಲ್ಲಿ ಬೀಗರನ್ನು ಹಿಡಿದು ತಪ್ಪೊಪ್ಪಿಕೊಂಡೆ. ಅವರು ಮೆಲ್ಲಗೆ, "ಏಳು, ಹನ್ನೊಂದು, ಹದಿಮೂರು, ಇಷ್ಟೂ ಸಂಖ್ಯೆಯಿಂದ ಒಡೀತದರಿ. ಹೋಗ್ಲಿ ಬಿಡ್ರಿ," ಎಂದರು.

"ಏನ್ ಒಡೀತದ?" ಹಿಂದೆಯೇ ಅಜ್ಜಿ.

ಮಾಸ್ತರರು ತಾಯಿಗೆ ಸುಳ್ಳು ಹೇಳಲಿಲ್ಲ. ಅಜ್ಜಿ ಬಾಯಿಗೆ ಹಾಕಲಿದ್ದ ಎಲೆ ಅಡಿಕೆ ಕೆಳಗಿಟ್ಟರು. ನಿಶ್ಚಯದ ದಿನ ಇಂಥ ಮಾತು ಹೆಣ್ಣಿನ ಅಜ್ಜನ ಬಾಯಿಂದಲೇ ಬರಬೇಕಿತ್ತೇ, ಇನ್ನೊಮ್ಮೆ ಯೋಚಿಸೋಣ ಎಂದರು. ಒಳಗೆ ಮೊಮ್ಮಗಳು ಹುಡುಗನೊಡನೆ ನಗುತ್ತಿದ್ದಳು. ನನ್ನಾಕೆ ಪಕ್ಕದಲ್ಲೇ ನಿಂತಿದ್ದಳು. ಆದರೂ ಹೇಳಿಬಿಟ್ಟೆ.

"ಅವ್ವಾರ, ಬುಟ್ಟ್ಯಾಗ ಸಾವಿರದ ಒಂದು ಇಲ್ರಿ. ನಾಲ್ಕು ನಾನ ತಿಂದೇನಿ."

ಮಾಸ್ತರರು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿದ್ದವು. ಅಷ್ಟು ಹೊತ್ತು ನಾನು ಪರೀಕ್ಷೆಯ ಫಲಿತಾಂಶಕ್ಕೂ ಕಾದವನಲ್ಲ.

"ಒಂಬೈನೂರಾ ತೊಂಬತ್ತೇಳು. ಮೂವತ್ತೊಂದರ ತನಕ ಭಾಗಿಸಿ ನೋಡಿದೆ. ಯಾವುದಕ್ಕೂ ಒಡಿಯೂದಿಲ್ಲವ್ವಾ."

ಅಜ್ಜಿ ಎಲೆ ಅಡಿಕೆ ಮತ್ತೆ ಕೈಗೆತ್ತಿಕೊಂಡು ನನ್ನಾಕೆಗೆ ಹೇಳಿದರು: "ಬಯ್ಯಬ್ಯಾಡ ಬಿಡವಾ. ಲೆಕ್ಕಾ ಹಾಕೇ ತಿಂದಾರ."

ಎಲ್ಲರೂ ಈಗಲೂ ಹಾಗೆಯೇ ನಂಬಿದ್ದಾರೆ. ನಿಮಗೊಬ್ಬರಿಗೆ ಹೇಳುತ್ತೇನೆ: ಐದನೆಯ ಪೇಢೆ ಬಾಯಿಯ ಹತ್ತಿರ ಬಂದಿತ್ತು. ಅಷ್ಟರಲ್ಲಿ ಹೊರಗೆ ನನ್ನಾಕೆ ಕೆಮ್ಮಿದಳು, ತಿರುಗಿ ಬುಟ್ಟಿಗೆ ಹಾಕಿದೆ. ಅದನ್ನೂ ನುಂಗಿದ್ದರೆ ಉಳಿಯುತ್ತಿದ್ದದ್ದು ಸಮಸಂಖ್ಯೆ, ಸರಿಯಾಗಿ ಎರಡು ಹೋಳು. ಸಂಬಂಧ ಉಳಿಸಿದ್ದು ಅವಳ ಕೆಮ್ಮು. ಅವಳಿಗಿನ್ನೂ ಹೇಳಿಲ್ಲ, ಹೇಳಿದರೆ ಇನ್ನು ಮೇಲೆ ನಿಮಿಷಕ್ಕೊಮ್ಮೆ ಕೆಮ್ಮುತ್ತಾಳೆ.