ಹಳದಿ ಸೀರೆ ಉಟ್ಟ ಬೇವು

ಧಾರಾಪುರದ ವಕೀಲ ಲೋಗನಾಥನ್ ಮರಗಳ ವ್ಯಾಜ್ಯ ಮಾತ್ರ ನಡೆಸುತ್ತಾರೆ ಎಂದು ಕೇಳಿ, ಕಕ್ಷಿದಾರ ಮರವೇ ಇರಬೇಕು ಎಂದುಕೊಂಡೆ. ನಮ್ಮ ಬೇವಿನ ಮರದ ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ ಮಾಡಿಸಿಕೊಂಡು ಹೋದೆ. ಹಿನ್ನೆಲೆ ನೀಲಿಯೋ ಬಿಳಿಯೋ ಎಂದು ಸ್ಟುಡಿಯೋದವನು ಕೇಳಿದಾಗಲೂ ನನಗೆ ಅನುಮಾನ ಬರಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆಯ ತೂತು ಹುಡುಕುವುದು ನನ್ನ ಕೆಲಸ. ನನ್ನ ತಲೆಯನ್ನು ಮಾತ್ರ ಯಾರೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಎರಡನೆಯ ಸಲ ಅಮ್ಮನನ್ನೂ ಕರೆದೊಯ್ದೆ. ವಕೀಲರ ಮನೆಮಾತೂ ಕನ್ನಡವಾದ್ದರಿಂದ ಜಗಳಕ್ಕೆ ಅನುಕೂಲವಾಯಿತು.

— ಮರ ಇರ್ಲಿ ತಂಬಿ, ಮಾರಿಯಮ್ಮ ಹೋಗ್ಲಿ. ಅಷ್ಟೇ ಕೇಳ್ತಾ ಇರೋದು, ಎಂದಳು ಅಮ್ಮ, ವಕೀಲರನ್ನು ತಮ್ಮನಾಗಿಸಿಕೊಂಡು.

— ಮಾರಿಯಮ್ಮಂಗೆ ನೋಟೀಸು ಯಾವ ಅಡ್ರೆಸ್ಸಿಗೆ ಕಳ್ಸೋದು ಸೆಲ್ಲಮ್ಮಕ್ಕ? ಎಂದರು ವಕೀಲರು.

— ನಮ್ಮನೆ ಅಡ್ರೆಸ್ಸಿಗೇ ಕಳ್ಸು. ಅಲ್ಲೇ ತಾನೇ ಬಂದು ಕೂತಿರೋದು.

ಆದದ್ದಿಷ್ಟು. ತಾರಸಿಗೆ ಎಲೆ ಉದುರುತ್ತದೆಂದು ಪಕ್ಕದ ಮನೆಯ ಸುಬ್ಬಾತಾಳ್ ನಮ್ಮ ಬೇವನ್ನು ಕಡಿಸಲು ಆಳು ಕರೆಸಿದ್ದಳು. ಅಮ್ಮ ರಾತ್ರೋರಾತ್ರಿ ಮರಕ್ಕೆ ಅರಿಸಿನ ಬಳಿದು, ಹಳದಿ ಸೀರೆ ಸುತ್ತಿ, ಕನಸಿನಲ್ಲಿ ಮಾರಿಯಮ್ಮ ಬಂದು ಇಲ್ಲೇ ಇರುತ್ತೇನೆ ಎಂದಳೆಂದು ಸಾರಿದಳು. ಕೊಡಲಿ ಹಿಂದಕ್ಕೆ ಹೋಯಿತು. ಆದರೆ ಶುಕ್ರವಾರ ಸುಬ್ಬಾತಾಳೇ ದೀಪ ಹಿಡಿದು ಬಂದಳು, ಹಿಂದೆ ಇಡೀ ಬೀದಿ. ಈಗ ಅವರಿಗೆ ಮರದ ಸುತ್ತ ಕಟ್ಟೆ ಬೇಕು, ನಮ್ಮ ಅಂಗಳದಲ್ಲಿ ದಾರಿ ಬೇಕು. ಆ ಜಾಗದಲ್ಲೇ ನಾನೊಂದು ಕೋಣೆ ಕಟ್ಟಬೇಕು. ಕಟ್ಟದಿದ್ದರೆ ತೆನ್ಮೊಳಿಯ ಮನೆಯವರು ಅವಳನ್ನು ನನಗೆ ಕೊಡುವುದಿಲ್ಲ.

— ಒಂದೇ ಉಪಾಯ, ಎಂದರು ವಕೀಲರು. ಕನಸು ಬೀಳ್ಲಿಲ್ಲ, ಮಾರಿಯಮ್ಮ ಬರ್ಲಿಲ್ಲ ಅಂತ ಕೋರ್ಟಲ್ಲಿ ಹೇಳ್ಬಿಡಿ.

— ಹೇಳ್ತೀನಿ. ಆಣೆ ಯಾರ ಮೇಲೆ ಇಡೋದು?

— ನಿಮ್ಮ ಮನೆದೇವರ ಮೇಲೆ.

— ನಮ್ಮ ಮನೆದೇವರೂ ಅವ್ಳೇ ತಂಬಿ. ಅವ್ಳ ಮೇಲೆ ಆಣೆ ಇಟ್ಟು ಅವ್ಳು ಬರ್ಲಿಲ್ಲ ಅಂದ್ರೆ, ಅವತ್ತೇ ನಿಜವಾಗ್ಲೂ ಬಂದ್ಬಿಡ್ತಾಳೆ.

ವಕೀಲರು ಬರೆದುಕೊಂಡಿದ್ದನ್ನು ಹೊಡೆದುಹಾಕಿದರು. ಈ ಸಂದಿಯಲ್ಲಿ ನಾನು, ಮರವನ್ನೇ ಕಡಿಸಿಬಿಟ್ಟರೆ ಹೇಗೆ ಎಂದು ಕೇಳಿಬಿಟ್ಟೆ. ಅಮ್ಮ ನನ್ನ ಕಡೆ ತಿರುಗಲೂ ಇಲ್ಲ.

— ಇವನಿಗೆ ಹೆಣ್ಣು ಕೊಡೋರು ಇನ್ನೊಂದ್ಸಲ ಯೋಚ್ನೆ ಮಾಡ್ಲಿ, ಎಂದಳು ವಕೀಲರಿಗೆ.

ಬೀದಿಯವರೆಲ್ಲ ಪೂಜೆಗೆ ಬರುವುದು ರೂಢಿಯಾದರೆ ಆಮೇಲೆ ಗೇಟು ಹಾಕುವುದು ಕಷ್ಟ ಎಂದು ವಕೀಲರು ವಿವರಿಸಿದರು. ಸುಬ್ಬಾತಾಳ್ ವಾರವಾರ ಜನ ಸೇರಿಸಿ ಫೋಟೋ ತೆಗೆಸಿಡುತ್ತಿದ್ದಾಳಂತೆ, ಹೂ ಮಾರುವ ಬೆಳ್ಳಿಯಮ್ಮನನ್ನು ಸಾಕ್ಷಿಗೆ ಒಪ್ಪಿಸಿದ್ದಾಳಂತೆ. ಅಮ್ಮ ಕಣ್ಣು ಕಿರಿದಾಗಿಸಿ ಎಲ್ಲವನ್ನೂ ಕೇಳಿದಳು. ಇದೊಂದೂ ನಮಗೆ ಗೊತ್ತಿರಲಿಲ್ಲ.

— ಹೋದ ತಿಂಗಳವರೆಗೂ ಅವ್ಳಿಗೆ ಎಲೆ ಗುಡಿಸೋದು ಬಿಟ್ರೆ ಬೇರೆ ಗೊತ್ತಿರ್ಲಿಲ್ಲ. ಈಗ ಫೋಟೋ ಅಂತೆ, ಸಾಕ್ಷಿ ಅಂತೆ. ಇದನ್ನೆಲ್ಲ ಅವ್ಳಿಗೆ ಹೇಳ್ಕೊಟ್ಟೋರು ಯಾರು ತಂಬಿ?

— ನಾನೇ ಅಕ್ಕಾ, ಎಂದರು ಲೋಗನಾಥನ್. ಮರದ ಕೇಸಿಗೆ ಈ ಕಡೆ ಬೇರೆ ಯಾರಿದಾರೆ?