ಪಂಚಾಕ್ಷರಿ ತೋರಿಸಿದ ಹುತ್ತ

ಆ ಶನಿವಾರ ನಾಗರಪಂಚಮಿ ಎಂದು ಎಂಜಿನಿಯರ್ ಪಂಚಾಕ್ಷರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಸುಳ್ಳು ಹೇಳುತ್ತಿದ್ದ.

ವಾರವಿಡೀ ಆಫೀಸು, ರೈಲು, ಕನ್ನಡ ಸಂಘದ ವಾಟ್ಸಾಪು ಸೇರಿ ಅವನ ಕಿವಿಯೊಳಗೆ ಸಂತೆ ನೆರೆದಿರುತ್ತಿತ್ತು. ತಾನಿದ್ದ ಪರದೇಶದ ಬಡಾವಣೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಕೆರೆ ಸುತ್ತಲು ಹೋದರೆ ಹತ್ತು ಹೆಜ್ಜೆಗೊಬ್ಬರು “ತಿಂಡಿ ಆಯ್ತಾ?” ಎನ್ನುವವರು. ಅದಕ್ಕೇ ನೀಲಗಿರಿ ಮರಗಳ ನಡುವೆ, ಬೋರ್ಡೂ ಇಲ್ಲದ ಒಂದು ಕಾಲುದಾರಿ ಹುಡುಕಿಕೊಂಡಿದ್ದ. ಪ್ರತಿ ಶನಿವಾರ ಎರಡು ಗಂಟೆ ಕಾಲ ಅಲ್ಲಿ ಅವನು ಬಾಯಿ ಬಿಡಬೇಕಾಗಿರಲಿಲ್ಲ. ಅದೊಂದು ಸುಖ.

ಬೂಟು ಕಟ್ಟುತ್ತಿದ್ದಾಗ ಪಕ್ಕದ ಮನೆಯ ರುಕ್ಮಿಣಿ ಆಂಟಿ ಬೇಲಿಯ ಮೇಲಿಂದ ಇಣುಕಿದರು.

“ವಾಕಿಂಗಾ? ತಾಳಪ್ಪ, ನಾನೂ ಬಂದ್ಬಿಡ್ತೀನಿ.”

“ಬೇಡ ಆಂಟಿ! ಆ ದಾರೀಲಿ ಆಳೆತ್ತರದ ಹುತ್ತ ಇದೆ. ಒಳಗಡೆ ಹಾವು ಬುಸ್ ಅನ್ನತ್ತೆ!”

ಹುತ್ತ ನಿಜ. ಹಾವು ಅವನ ಸೃಷ್ಟಿ.

ಆಂಟಿಯ ಕಣ್ಣು ತುಂಬಿಬಂತು. “ಇವತ್ತು ನಾಗರಪಂಚಮಿ ಕಣೋ! ಒಂಬತ್ತು ವರ್ಷದಿಂದ ಕಿಚನ್ ಸಿಂಕಲ್ಲಿ ಬೆಳ್ಳಿ ನಾಗಪ್ಪಂಗೆ ಹಾಲೆರೀತಿದೀನಿ. ನಿನ್ನ ಬಾಯಿಗೆ ಸಕ್ಕರೆ ಹಾಕ!”

ಆಂಟಿ ಸಂಘದ ವಾಟ್ಸಾಪಿಗೆ ಹಾಕಿದ ಒಂದೇ ಮೆಸೇಜಿಗೆ, ಹನ್ನೊಂದು ಗಂಟೆಗೆ ಕಾಲುದಾರಿಯಲ್ಲಿ ನಲವತ್ತು ಜನ, ಸನ್ನಿಬ್ಯಾಂಕ್ ಪೇಟೆಯ ಅಂಗಡಿಯಿಂದ ತಂದ ಅರಿಸಿನ, ತಂಬಿಟ್ಟು, ಚಿಗಳಿ, ಜೊತೆಗೆ ಮಂತ್ರ ಹೇಳಲು ಒಂದು ಬ್ಲೂಟೂತ್ ಸ್ಪೀಕರು.

“ಹಾವೆಲ್ಲಪ್ಪ?” ಸಂಘದ ಅಧ್ಯಕ್ಷ ಡಾಕ್ಟರ್ ಸತ್ಯನಾರಾಯಣ ಕೇಳಿದರು.

“ಈ ದೇಶದಲ್ಲಿ ಶ್ರಾವಣ ಅಂದ್ರೆ ಚಳಿಗಾಲ ಅಲ್ವಾ ಸರ್, ಮಲಗಿರತ್ತೆ.”

“ಹಾಗಾದ್ರೆ ಬುಸ್ ಅಂದಿದ್ದು ಯಾರು?”

“ಇವನಿಗೆ ಮಾತ್ರ ಅನುಗ್ರಹ!” ಎಂದ ಆಂಟಿ ಹಾಲಿನ ಚೊಂಬನ್ನು ಅವನ ಕೈಗೇ ಕೊಟ್ಟರು. ಪಂಚಾಕ್ಷರಿ ಚಡ್ಡಿಯ ಮೇಲೆ ಯಾರದೋ ಶಲ್ಯ ಸುತ್ತಿಕೊಂಡು ನಾಲ್ಕು ಲಕ್ಷ ಗೆದ್ದಲುಗಳಿಗೆ ಭಕ್ತಿಯಿಂದ ಹಾಲೆರೆದ.

ಅಷ್ಟರಲ್ಲಿ ರೇಂಜರ್ ಹೆಂಗಸೊಬ್ಬಳು ಬೋರ್ಡು, ಸುತ್ತಿಗೆ ಹಿಡಿದು ಬಂದಳು. ಪಂಚಾಕ್ಷರಿಗೆ ಜೀವ ಬಂತು. ಓಡಿಹೋಗಿ ಪಿಸುಗುಟ್ಟಿದ: “ಇವರ್ಯಾರೂ ಪರ್ಮಿಷನ್ ತಗೊಂಡಿಲ್ಲ. ದಯವಿಟ್ಟು ಓಡಿಸಿಬಿಡಿ.”

ಅವಳು ಬೋರ್ಡು ತಿರುಗಿಸಿ ತೋರಿಸಿದಳು: ‘ಈ ದಾರಿ ಮುಚ್ಚಿದೆ’. ವರ್ಷವಿಡೀ ಒಬ್ಬನೇ ಒಬ್ಬ ಓಡಾಡುವ ದಾರಿಯನ್ನು ನೋಡಿಕೊಳ್ಳುವುದು ದಂಡವಂತೆ. ಆಮೇಲೆ ತಲೆಗಳನ್ನು ಎಣಿಸಿ, ಸುತ್ತಿಗೆ ಚೀಲಕ್ಕೆ ಹಾಕಿದಳು. ಪ್ರತಿ ಶನಿವಾರ ಇಷ್ಟು ಜನ ಬಂದರೆ ಮುಚ್ಚುವುದಿಲ್ಲವಂತೆ.

“ಬರ್ತೀವಿ!” ಆಂಟಿ ಕೈ ಎತ್ತಿದರು. “ದಾರಿ ತೋರ್ಸೋಕೆ ಮುಂದೆ ನಮ್ಮ ಪಂಚಾಕ್ಷರಿ!”

ರೇಂಜರ್ ಸಂತೋಷದಿಂದ ಅವನ ಕೊರಳಿಗೆ ಪೀಪಿ ಹಾಕಿ, ಗೈಡ್ ಆದವನ ನಿಯಮ ತಿಳಿಸಿದಳು: ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇರಬೇಕು.