ಒಳ್ಳೆಯ ಕೊಬ್ಬು

ನಲವತ್ತೆಂಟು ವರ್ಷದ ಗಂಡಸನ್ನು ಬಸ್ಸಿನಲ್ಲಿ ‘ತಾತಗಾರೂ’ ಎಂದು ಕರೆಯಬಾರದೆಂಬ ಕಾನೂನು ತೆಲಂಗಾಣದಲ್ಲಿ ಇನ್ನೂ ಬಂದಿಲ್ಲ. ಬಂದಿದ್ದರೆ ನನ್ನ ಪ್ಯಾಂಟುಗಳು ಇವತ್ತು ಅಟ್ಟ ಸೇರುತ್ತಿರಲಿಲ್ಲ.

ಮಲ್ಕಾಜ್‌ಗಿರಿಯಿಂದ ಸಿಕಂದರಾಬಾದಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಕಿಟಕಿಯಾಚೆ ತೇಲಿ ಹೋಗುವ ಬೇವಿನ ಮರಗಳನ್ನು ನೋಡುತ್ತ ಏನೋ ಕನಸಿನಲ್ಲಿದ್ದೆ. (ನಾನು ಸದಾ ಏನಾದರೊಂದು ಕನಸಿನಲ್ಲಿರುತ್ತೇನೆ. ಇಪ್ಪತ್ಮೂರು ವರ್ಷ ರೈಲ್ವೆ ಕಚೇರಿಯಲ್ಲಿ ಕೂತವನಿಗೆ ಅದೊಂದೇ ಪ್ರಯಾಣ.) ಕಾಲೇಜಿನ ಹುಡುಗಿಯೊಬ್ಬಳು ಎದ್ದು ತನ್ನ ಸೀಟು ತೋರಿಸಿ, “ತಾತಗಾರೂ, ಕೂರ್ಚೋಂಡಿ” ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ತಾತ ಯಾರೂ ಇರಲಿಲ್ಲ. ಅದಕ್ಕಿಂತ ದೊಡ್ಡ ಅವಮಾನವೆಂದರೆ, ನಾನು ಕೂತುಬಿಟ್ಟೆ. ಮೊಣಕಾಲು ನೋಯುತ್ತಿತ್ತು.

ಆ ಸೀಟಿನಲ್ಲೇ ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಅಮರೇಶಪ್ಪನೆಂಬ ನಾನು ಇನ್ನು ಮೂರು ತಿಂಗಳಲ್ಲಿ ಮೈ ತುಂಬ ಸ್ನಾಯುಗಳನ್ನು ಬೆಳೆಸುವೆನು!

ಮನೆಯಲ್ಲಿ ಹೆಂಡತಿ ಸುವರ್ಣಾ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ನಾ ನಾಳಿಂದ ಜಿಮ್ಮಿಗೆ ಹೊಂಟೀನಿ.”

“ಯಾಕ್ರಿ? ಅಲ್ಲಿ ಮಲಗಾಕ ಜಾಗಾ ಐತೇನು?”

ಇಂಥ ಮಾತಿಗೆಲ್ಲ ಉತ್ತರ ಕೊಡುವವನು ನಾನಲ್ಲ. (ಕೊಟ್ಟರೆ ಗೆಲ್ಲುವುದಿಲ್ಲ.) ಮರುದಿನವೇ ತಾರ್ನಾಕದ ಒಂದು ಜಿಮ್ಮಿಗೆ ಹೋಗಿ ಹೆಸರು ಬರೆಸಿದೆ. ಗಂಡ ಸೇರಿದರೆ ಅದೇ ಶುಲ್ಕದಲ್ಲಿ ಹೆಂಡತಿಯೂ ಬರಬಹುದೆಂದರು. ಸುವರ್ಣಾಗೆ ಎರಡು ವರ್ಷದಿಂದ ಬಲಭುಜ ಹಿಡಿದುಕೊಂಡಿತ್ತು. ಹೆರಳು ಹಾಕಿಕೊಳ್ಳಲು ಹೋದರೆ ಕೈ ಅರ್ಧಕ್ಕೆ ನಿಂತು, ಹಲ್ಲು ಕಚ್ಚಿ ಬಾಚಣಿಕೆ ಕೆಳಗಿಡುತ್ತಿದ್ದಳು. ಮೇಲಿನ ಹಲಗೆಯ ಡಬ್ಬಿ ಇಳಿಸಿಕೊಡುವುದು ಮನೆಯಲ್ಲಿ ನನಗಿದ್ದ ಏಕೈಕ ಹುದ್ದೆ. ಹಗುರವಾಗಿ ವ್ಯಾಯಾಮ ಮಾಡಿರೆಂದು ಡಾಕ್ಟರು ಹೇಳಿದ್ದರಿಂದ ಅವಳು ಬೆಳಗಿನ ಹೆಂಗಸರ ಗುಂಪಿಗೆ ಸೇರಿದಳು. ನಾನು ಸಂಜೆಯ ಗಂಡುಗಲಿಗಳ ಗುಂಪಿಗೆ.

ಮೊದಲ ತಿಂಗಳು ನಾನು ಯಾರ ಮಾತೂ ಕೇಳದೆ ಮನೆಯಿಂದ ಎಣ್ಣೆ ತುಪ್ಪಗಳನ್ನು ಗಡಿಪಾರು ಮಾಡಿದೆ. ಎಣ್ಣೆಗಾಯಿ ಬದನೆಕಾಯಿ ನೀರುಗಾಯಿಯಾಯಿತು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯಲು ಒಪ್ಪದೆ ಧರಣಿ ಕೂತಿತು. ತಿಂಗಳ ಕೊನೆಗೆ ನನ್ನ ತೋಳು ಇದ್ದಷ್ಟೇ ಇತ್ತು. ಸಿಟ್ಟು ಮಾತ್ರ ಬೆಳೆದಿತ್ತು.

ನಮ್ಮ ತರಬೇತುದಾರ ಯಶವಂತ, ಕುಂದಾಪುರದ ಕಡೆಯವನು. ನನ್ನ ಊಟದ ವಿವರ ಕೇಳಿ ಹಣೆ ಚಚ್ಚಿಕೊಂಡ.

“ಎಂತ ಸರ್ ಇದು? ಕೊಬ್ಬು ಬಿಟ್ರೆ ಸ್ನಾಯು ಬರ್ತದಾ? ಶರೀರಕ್ಕೆ ಹಾರ್ಮೋನು ಮಾಡ್ಲಿಕ್ಕೆ ಕೊಬ್ಬು ಬೇಕು ಮಾರಾಯ್ರೆ. ಕೆಲವು ವಿಟಮಿನ್ ಮೈಗೆ ಹಿಡಿಯೋದೇ ಅದ್ರಿಂದ. ಒಳ್ಳೆ ಕೊಬ್ಬು ಅಂತ ಉಂಟು. ಬಾದಾಮಿ, ಅಕ್ರೋಟು, ಶೇಂಗಾ, ಎಳ್ಳು, ಅಗಸೆ, ಬೆಣ್ಣೆಹಣ್ಣು...”

ಒಳ್ಳೆಯ ಕೊಬ್ಬು! ಎಷ್ಟು ಇಂಪಾದ ಮಾತು! ಆಮೇಲೆ ಯಶವಂತನ ದನಿ ದೂರದ ಗೂಡ್ಸ್ ಗಾಡಿಯಂತೆ ಮೆಲ್ಲಗಾಯಿತು. ನಾನು ತೇಲತೊಡಗಿದೆ. ಬಂಗಾರದ ಬಣ್ಣದ ತುಪ್ಪ ಹೊಳೆಯಂತೆ ಹರಿಯುತ್ತಿದೆ, ದಂಡೆಯಲ್ಲಿ ಹುರಿದ ಎಳ್ಳಿನ ಮರಳು, ಅಕ್ರೋಟಿನ ಬಂಡೆಗಳು. ಹೊಳೆಯ ನಡುವಿನಿಂದ ನಾನು ಏಳುತ್ತಿದ್ದೇನೆ, ತೋಳು ತೋಳಿನಷ್ಟಿಲ್ಲ, ತೊಲೆಯಷ್ಟಿದೆ. ಸಿಕಂದರಾಬಾದ್ ಸ್ಟೇಷನ್ನಿನ ಹತ್ತೂ ಪ್ಲಾಟ್‌ಫಾರ್ಮುಗಳ ಜನ ನನ್ನನ್ನೇ ನೋಡುತ್ತಿದ್ದಾರೆ...

“ತಿಳೀತಲ್ಲ ಸರ್?” ಎಂದ ಯಶವಂತ.

“ಪೂರಾ ತಿಳೀತು” ಎಂದೆ.

ನಾನು ತೇಲುತ್ತಿದ್ದಾಗ ಅವನು ಹೇಳಿದ ಉಳಿದರ್ಧ ಭಾಷಣ ನನಗೆ ಬಹಳ ತಡವಾಗಿ ಗೊತ್ತಾಯಿತು. ಅದೇ ಭಾಷಣವನ್ನು ಅವನು ಬೆಳಿಗ್ಗೆ ಹೆಂಗಸರಿಗೂ ಮಾಡಿದ್ದ. ಸುವರ್ಣಾ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದಳು.

ಆ ಸಂಜೆ ಎರಡು ಚೀಲ ಹೊತ್ತು ಮನೆಗೆ ಬಂದೆ.

“ಸುವರ್ಣಾ, ನನಗ ಕೊಬ್ಬು ಕಡಿಮಿ ಆಗೇತಂತ!”

ಅವಳು ಕಣ್ಣರಳಿಸಿ ನೋಡಿದಳು. “ಮದವಿ ಆಗಿ ಇಪ್ಪತ್ತೆರಡು ವರ್ಷ ಆತು. ನಿಮಗ ಕೊಬ್ಬು ಕಡಿಮಿ ಅಂದಾವ ಆ ಯಶವಂತ ಒಬ್ಬನ ನೋಡ್ರಿ.”

“ಆ ಕೊಬ್ಬಲ್ಲ. ಇದು ಒಳ್ಳೇ ಕೊಬ್ಬು.”

“ಹಂಗಾದ್ರ ಅಂಗಡಿಗೆ ಯಾಕ ಹೋದ್ರಿ? ಅಗಸಿ ಹಿಂಡಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಡಬ್ಬಿ ತುಂಬ ಕುಟ್ಟಿ ಇಟ್ಟೀನಿ. ಅದರಾಗೂ ಅದ ಕೊಬ್ಬು ಐತಿ. ಊಟದ ಜೋಡಿ ಒಂದೆರಡು ಚಮಚ ಸಾಕು.” (ಹಿಂಡಿಯೆಂದರೆ ನಮ್ಮ ಕಡೆ ಚಟ್ನಿಪುಡಿ.)

“ಅದು ನಮ್ಮೂರ ಕೊಬ್ಬು. ನನಗ ಬೇಕಾಗಿದ್ದು ಅಂತರರಾಷ್ಟ್ರೀಯ ಕೊಬ್ಬು!”

ಅವಳು ಚೀಲದಿಂದ ಬೆಣ್ಣೆಹಣ್ಣು ತೆಗೆದು ಒತ್ತಿ ನೋಡಿದಳು. “ಇದೇನ್ರಿ, ಬಾಗಲಾ ತಡಿಯಾಕ ಇಡೂದೇನು?”

ಬೆಣ್ಣೆಹಣ್ಣಿನ ಚರಿತ್ರೆ ದುಃಖದ್ದು. ಮೂರು ದಿನ ಕಲ್ಲು. ಐದನೇ ದಿನ ಕಪ್ಪು. ನಡುವೆ ಒಂದು ದಿನ ಮಾತ್ರ ಅದು ಹಣ್ಣಾಗಿರುತ್ತದೆ. ಆ ದಿನ ನಾನು ಕಚೇರಿಯಲ್ಲಿದ್ದೆ. ಸುವರ್ಣಾ ಅದಕ್ಕೆ ಉಪ್ಪು, ನಿಂಬೆರಸ, ಹಸಿಮೆಣಸು ಕಲಸಿ ರೊಟ್ಟಿಗೆ ಹಚ್ಚಿಕೊಂಡು ಅರ್ಧ ತಿಂದು, ಇನ್ನರ್ಧವನ್ನು ಕೆಳಮನೆಯ ಯಮುನಾಬಾಯಿಗೆ ಕೊಟ್ಟಿದ್ದಳು.

ನಾನು ಎದೆಗುಂದಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಶೇಂಗಾ ಬೆಣ್ಣೆ ನಾಲ್ಕು ಚಮಚ. ಕಚೇರಿಗೆ ಜೇಬು ತುಂಬ ಅಕ್ರೋಟು. ಮಧ್ಯಾಹ್ನ ರೊಟ್ಟಿ ಮುಳುಗುವಷ್ಟು ತುಪ್ಪ. ಸಂಜೆ ಶೇಂಗಾ ಹೋಳಿಗೆ. (ಶೇಂಗಾ ಒಳ್ಳೆಯ ಕೊಬ್ಬು, ಬೆಲ್ಲ ಅದರ ಜೊತೆಗೆ ಬಂದ ನೆಂಟ.) ಇಷ್ಟೆಲ್ಲ ತಿಂದ ಮೇಲೆ ಅದು ಸ್ನಾಯುವಾಗಲು ಸ್ವಲ್ಪ ಸಮಯ ಕೊಡಬೇಡವೇ? ಆದ್ದರಿಂದ ಜಿಮ್ಮನ್ನು ವಾರಕ್ಕೆ ಒಂದು ದಿನಕ್ಕಿಳಿಸಿ, ಉಳಿದ ಸಂಜೆಗಳಲ್ಲಿ ಬಾಲ್ಕನಿಯ ಜೋಕಾಲಿಯಲ್ಲಿ ಕೂತೆ.

ಎಂಥ ಸಂಜೆಗಳು ಅವು! ಬೇವಿನ ಹೂವಿನ ವಾಸನೆ, ಒಳಗೆ ಅಗಸೆ ಹುರಿಯುವ ಚಟಪಟ, ದೂರದಲ್ಲಿ ಮಲ್ಕಾಜ್‌ಗಿರಿ ಸ್ಟೇಷನ್ ಬಿಡುತ್ತಿದ್ದ ರೈಲಿನ ಉದ್ದನೆಯ ಸಿಳ್ಳು. ಜೋಕಾಲಿ ಹೋಗಿ ಬಂದು ಹೋಗಿ ಬಂದು ಮಾಡುವಾಗ ಅಕ್ರೋಟು ಕರಗಿ, ರಕ್ತದಲ್ಲಿ ದೋಣಿಯಂತೆ ತೇಲಿ, ನೇರವಾಗಿ ತೋಳಿನ ಬಂದರಿಗೆ ಹೋಗಿ ನಿಲ್ಲುವುದು ನನಗೆ ಅನುಭವಕ್ಕೆ ಬರುತ್ತಿತ್ತು. ಅಂಗಿ ಬಿಗಿಯಾಗತೊಡಗಿತು. ಎದೆ ಹಿಗ್ಗುತ್ತಿದೆ ಎಂದುಕೊಂಡೆ. ಅಂಗಿಯ ಯಾವ ಗುಂಡಿ ಹಾರಿತೆಂದು ಬಗ್ಗಿ ನೋಡುವ ಗೋಜಿಗೆ ಹೋಗಲಿಲ್ಲ. (ಬಗ್ಗುವುದೂ ಕಷ್ಟವಾಗಿತ್ತು.)

ಒಂದು ಸಂಜೆ ಅಡುಗೆಮನೆಯಲ್ಲಿ ಸದ್ದಾಯಿತೆಂದು ಇಣುಕಿದೆ. ಸುವರ್ಣಾ ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಹಲಗೆಯ ಮೇಲಿನ ಹತ್ತು ಕಿಲೋ ಜೋಳದ ಹಿಟ್ಟಿನ ಡಬ್ಬಿಯನ್ನು ಹೂವಿನ ಬುಟ್ಟಿಯಂತೆ ಇಳಿಸಿಕೊಂಡಳು. ಬಲಗೈ ಪೂರ್ತಿ ನೇರವಾಗಿತ್ತು. ಕಿಟಕಿಯ ಬೆಳಕು ಬಿದ್ದ ತೋಳಿನಲ್ಲಿ ಒಂದು ಗೆರೆ ಮೂಡಿ ಮಾಯವಾಯಿತು.

“ನೋಯಲಿಲ್ಲೇನು?” ಎಂದೆ.

ಅವಳೂ ಆಗಲೇ ಗಮನಿಸಿದಂತೆ ಕೈಯನ್ನು ಮತ್ತೊಮ್ಮೆ ಮೇಲೆತ್ತಿದಳು, ಇಳಿಸಿದಳು. “ಇಲ್ಲರಿ” ಎಂದು ಮೆಲ್ಲಗೆ ನಕ್ಕಳು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚಂದದ ನಗು ನಾನು ನೋಡಿದ್ದು ನೆನಪಿಲ್ಲ. ನನ್ನ ಕಣ್ಣು ಮಂಜಾಯಿತು. ಅದರಲ್ಲಿ ಮುಕ್ಕಾಲು ಪಾಲು ಸಂತೋಷವೇ. ಉಳಿದ ಕಾಲು ಪಾಲು, ಡಬ್ಬಿ ಇಳಿಸುವ ಹುದ್ದೆ ಹೋಯಿತಲ್ಲ ಎಂಬುದಕ್ಕೆ.

ಮೂರು ತಿಂಗಳಾಯಿತು. ಯಶವಂತ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕರೆಸಿ, ಟೇಪು ಹಿಡಿದು ಅಳೆದ. ನನ್ನ ತೋಳು ಒಂದು ದಾರದಷ್ಟೂ ಬೆಳೆದಿರಲಿಲ್ಲ. ಸೊಂಟ ನಾಲ್ಕಿಂಚು ಪ್ರಗತಿ ಸಾಧಿಸಿತ್ತು.

“ಎಷ್ಟು ತಿಂದ್ರಿ ಸರ್?”

ಹೇಳಿದೆ. ಅವನು ಬೆಂಚಿನ ಮೇಲೆ ಕೂತುಬಿಟ್ಟ.

“ಅಲ್ಲ ಸರ್, ದಿನಕ್ಕೆ ಒಂದು ಹಿಡಿ ಅಂದಿದ್ದೆ! ಕೊಬ್ಬಿನಲ್ಲಿ ಶಕ್ತಿ ಬೇರೆ ಎಲ್ಲದಕ್ಕಿಂತ ಎರಡು ಪಟ್ಟು ಉಂಟು, ಅಳತೆ ಮೀರಬೇಡಿ ಅಂದಿದ್ದೆ. ಸ್ನಾಯು ಕಟ್ಟೋದು ಕಾಳು, ಮೊಸರು, ಪನೀರು, ಮತ್ತೆ ನೀವು ಎತ್ತೋ ಭಾರ. ಕೊಬ್ಬು ಅದಕ್ಕೆ ಸಹಾಯಕ ಮಾತ್ರ. ಮೇಡಂ ಎಲ್ಲ ಸರಿ ಮಾಡಿದ್ದಾರಲ್ಲ, ಅವರನ್ನಾದ್ರೂ ಕೇಳಬಾರದಾ?”

ಮೇಡಂ ಪಕ್ಕದಲ್ಲೇ ಎರಡೂ ಕೈಯಲ್ಲಿ ಡಂಬೆಲ್ ಹಿಡಿದು, ಸೀರೆಯಂಗಡಿಯಲ್ಲಿ ನಿಂತವಳಂತೆ ನಿರಾಳವಾಗಿದ್ದಳು.

ಯಶವಂತ ಏನೋ ಯೋಚಿಸಿ, “ನಿಮ್ಮಿಬ್ಬರ ಫೋಟೋ ನಮ್ಮ ಜಾಹೀರಾತಿಗೆ ಹಾಕಬಹುದಾ?” ಎಂದ. ಜಾಹೀರಾತು! ನಾನು ಮತ್ತೆ ತೇಲಿದೆ. ಬಂಗಾರದ ಚೌಕಟ್ಟು, ನಡುವೆ ನಾನು, ತಾರ್ನಾಕದ ವಾಹನಗಳೆಲ್ಲ ನಿಂತುಬಿಟ್ಟಿವೆ... ತೇಲುತ್ತಲೇ, ಎದುರಿಗಿಟ್ಟ ಕಾಗದಕ್ಕೆ ಸಹಿ ಹಾಕಿದೆ. ಸುವರ್ಣಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ನನ್ನ ಮುಖ ಒಮ್ಮೆ ನೋಡಿ, ಸಹಿ ಹಾಕಿದಳು.

ಮರುವಾರ ತಾರ್ನಾಕದಲ್ಲಿ ಮನೆಯಷ್ಟೆತ್ತರದ ಫ್ಲೆಕ್ಸು ಎದ್ದಿತು. ಬಲಕ್ಕೆ ಸುವರ್ಣಾ, ತೋಳು ಮಡಚಿ, ವೀರರಾಣಿಯಂತೆ. ಎಡಕ್ಕೆ ನಾನು. ಕೆಳಗೆ ತೆಲುಗಿನಲ್ಲಿ ಬರೆದದ್ದರ ತಾತ್ಪರ್ಯವಿಷ್ಟು: ‘ಒಳ್ಳೆಯ ಕೊಬ್ಬು! ಬೇಕಾದಷ್ಟೇ ತಿಂದರೆ ಹೀಗೆ. ಮನಸ್ಸಿಗೆ ಬಂದಷ್ಟು ತಿಂದರೆ ಹಾಗೆ.’ ನನ್ನ ಹೊಟ್ಟೆಯ ಕಡೆಗೆ ಒಂದು ಕೆಂಪು ಬಾಣ. (ಬಾಣದ ಅಗತ್ಯವಿರಲಿಲ್ಲ. ಅದು ದೂರದಿಂದಲೇ ಕಾಣುತ್ತಿತ್ತು.)

ಭಾನುವಾರ ಬಾಗಿಲು ತೆರೆದರೆ ಯಮುನಾಬಾಯಿ. ಜೊತೆಗೆ ಅವರ ಯಜಮಾನರು ಅಮರಯ್ಯ, ಕೈಯಲ್ಲಿ ಗೋಡಂಬಿ ಪೊಟ್ಟಣ.

“ಫ್ಲೆಕ್ಸ್ ನೋಡಿದ್ರೂ ಇವ್ರು ನಂಬಾಕತ್ತಿಲ್ಲ ಸುವರ್ಣಾ. ಅದರಾಗ ಏನೋ ಕಂಪ್ಯೂಟರಿನ ಕರಾಮತ್ತು ಐತಿ ಅಂತಾರ. ಅದಕ್ಕ ಖುದ್ದ ಕರಕೊಂಡ ಬಂದೆ.”

ಅಮರಯ್ಯನವರು ನನ್ನನ್ನು ಕೆಳಗಿನಿಂದ ಮೇಲಿನತನಕ, ಮೇಲಿನಿಂದ ನಡುವಿನತನಕ ನೋಡಿದರು. ಅವರ ಬಾಯಿಗೆ ಹೊರಟಿದ್ದ ಗೋಡಂಬಿ ಮೆಲ್ಲಗೆ ಪೊಟ್ಟಣಕ್ಕೆ ವಾಪಸು ಹೋಯಿತು.

ಸುವರ್ಣಾ ಒಂದೇ ಕೈಯಲ್ಲಿ ಕಬ್ಬಿಣದ ಕುರ್ಚಿ ಎತ್ತಿ ತಂದು ಅವರನ್ನು ಕೂಡಿಸಿದಳು. ಆಮೇಲೆ ಪ್ರೀತಿಯಿಂದ ನನ್ನ ಭುಜ ಹಿಡಿದು ಹೇಳಿದಳು:

“ಒಂಚೂರು ಹೊರಳಿ ನಿಂದರ್ರಿ. ಬಾಜೂದಿಂದ ಇನ್ನೂ ಛಲೋ ತಿಳೀತೈತಿ.”

ನಾನು ಹೊರಳಿ ನಿಂತೆ.